ಕಾಗುಣಿತದ ಕಾಲು ಗಂಟೆ

ತೊಂಬತ್ತರ ದಶಕದ ನಡುವಿನಲ್ಲಿ ಪೀಣ್ಯದ ನಮ್ಮ ಸರ್ಕಾರಿ ಶಾಲೆಗೆ ಹೊಸ ಓದಿನ ಪದ್ಧತಿ ಬಂತು. ಕಾಗುಣಿತ ಕೂಗಿಸಬಾರದು, ಮೊದಲು ಚಿತ್ರ, ಅದರ ಕೆಳಗೆ ಇಡೀ ಪದ. ಅಕ್ಷರ ತಾನಾಗಿ ಬರುತ್ತದಂತೆ. ಹೇಗೆ ಬರುತ್ತದೋ ನೋಡೋಣ ಎಂದು ನನಗೂ ಕುತೂಹಲ. ಕೆಲವೇ ದಿನಗಳಲ್ಲಿ ಎರಡನೇ ಕ್ಲಾಸಿನ ಮಕ್ಕಳು ಕಾರ್ಡುಗಳನ್ನು ಪಟಪಟ ಓದಿದರು. ಚಿತ್ರವನ್ನು ಕೈಯಿಂದ ಮುಚ್ಚಿ, ಪದವನ್ನಷ್ಟೇ ತೋರಿಸಿದೆ. ಒಬ್ಬರಿಗೂ ಓದಲು ಬರಲಿಲ್ಲ.

ಅಷ್ಟರಲ್ಲಿ ಒಬ್ಬ ಹುಡುಗಿಯ ಅಪ್ಪ ಬಾಗಿಲಿಗೆ ಬಂದ. ಗಾರೆ ಕೆಲಸಕ್ಕೆ ರಾಯಚೂರಿನ ಕಡೆಯಿಂದ ಬಂದವನು.

"ಅಕ್ಕೋರ, ಸಾಲಿ ನಡದೈತೋ ಇಲ್ಲೋ? ಕಾಗುಣಿತದ ದನಿ ರೋಡಿಗೆ ಕೇಳ್ತಿತ್ತು. ಈಗ ಸುಮ್ಮ ಕುಂತಿರ್ತೀರಿ."

"ಚಿತ್ರ ನೋಡಿ ಓದ್ತಿದಾರಪ್ಪ."

"ಚಿತ್ರ ಮನ್ಯಾಗ ಕ್ಯಾಲೆಂಡರ್‌ನ್ಯಾಗೂ ಅದಾವ್ರಿ. ಓದು ಬರಲಿಲ್ಲಂದ್ರ ಇಕಿ ಮನ್ಯಾಗ ಇರ್ಲಿ, ಸಣ್ಣ ಕೂಸು ನೋಡ್ತಾಳ."

ಹುಡುಗಿ ಸ್ಲೇಟನ್ನು ಎದೆಗೊತ್ತಿಕೊಂಡಳು.

ಅಮ್ಮನ ಸೊಪ್ಪಿನ ಬುಟ್ಟಿಯ ಪಕ್ಕ ಕೂತು ಓದಿ ಟೀಚರ್ ಆದವಳು ನಾನು. ಎದ್ದು ಹೊರಟ ಗಿರಾಕಿಯನ್ನು ನಿಲ್ಲಿಸುವುದು ಗೊತ್ತು. "ದೀಪಾವಳಿವರೆಗೆ ಬಿಡಿ. ಅಷ್ಟರಲ್ಲಿ ಓದ್ಲಿಲ್ಲ ಅಂದ್ರೆ ನಾನೇ ಮನೆಗೆ ಬಿಟ್ಟು ಬರ್ತೀನಿ" ಎಂದೆ. ಒಪ್ಪಿದ.

ತಪಾಸಣೆಗೆ ಬಂದ ಮೇಡಂ ಹತ್ತಿರವೂ ಚೌಕಾಸಿ ಮಾಡಿದೆ. "ಬೆಳಗ್ಗೆ ಕಾಲು ಗಂಟೆ ಕಾಗುಣಿತಕ್ಕೆ ಬಿಡಿ ಮೇಡಂ. ಉಳಿದಿದ್ದೆಲ್ಲ ನಿಮ್ಮ ಕಾರ್ಡಿಗೆ."

"ಕಾಲು ಗಂಟೆ ಅಂತೀರಿ, ಊಟದ ಬೆಲ್‌ವರೆಗೂ ಕೂಗಿಸ್ತೀರಿ. ನಿಮ್ಮನ್ನ ನಾನು ಕಾಣೆನಾ!" ಎಂದು ನಕ್ಕರು. ಬೇಡ ಎನ್ನಲಿಲ್ಲ.

ಆ ಕಾಲು ಗಂಟೆಯೊಳಗೇ ಎರಡನ್ನೂ ಹೊಂದಿಸಿದೆ. ಮಕ್ಕಳು 'ಮ ಮಾ ಮಿ ಮೀ' ಎಂದು ಕೂಗುವಾಗ ನಡುವೆ ಕೈ ಎತ್ತುವೆ. ಎಲ್ಲಿ ನಿಂತರೋ ಆ ಅಕ್ಷರದಿಂದ ಶುರುವಾಗುವ ಪದದ ಕಾರ್ಡು ಹುಡುಕಬೇಕು. ಕಾರ್ಡುಗಳಲ್ಲಿನ ಚಿತ್ರ ಕಾಣದಂತೆ ಹಿಂದಕ್ಕೆ ಮಡಚಿದ್ದೆ. ಗಂಟಲು ಹರಿಯುವಂತೆ ಕೂಗುತ್ತಿದ್ದವರೇ ಮೊದಲು ತಡವರಿಸಿದರು. ಸಾಲು ಬಾಯಿಗೆ ಬಂದಿತ್ತು, ಅಕ್ಷರ ಕಣ್ಣಿಗೆ ಬಿದ್ದಿರಲಿಲ್ಲ. ಹಳೆಯದರಲ್ಲೂ ತೂತಿತ್ತು ನೋಡಿ! ಹೊಸ ಟೀಚರುಗಳಿಗೆ ನನ್ನ ಮಾತು ಇಷ್ಟೇ: ಯಾವ ಪದ್ಧತಿಯನ್ನೂ ತಟ್ಟಿ ನೋಡದೆ ಕೊಳ್ಳಬೇಡಿ, ತಟ್ಟಿ ನೋಡದೆ ಎಸೆಯಲೂಬೇಡಿ.

ದೀಪಾವಳಿಯ ರಜೆಗೆ ಮುಂಚೆ ಹುಡುಗಿಯ ಅಪ್ಪ ಬಂದ. ನಾನು ಸೀಮೆಸುಣ್ಣ ಎತ್ತಿಕೊಂಡರೆ ತಡೆದ. "ನೀವು ಬರದ್ರ ಮೊದ್ಲ ಹೇಳಿಕೊಟ್ಟಿರ್ತೀರಿ. ನಾ ಹೇಳಿದ್ದು ಬರೀರಿ." ನನ್ನ ಹತ್ತಿರ ಬಂದು ಪಿಸುಗುಟ್ಟಿದ. ಆ ಪದ ನಮ್ಮ ಯಾವ ಕಾರ್ಡಿನಲ್ಲೂ ಇರಲಿಲ್ಲ. ಬೋರ್ಡಿನ ಮೇಲೆ ಬರೆದೆ.

ಹುಡುಗಿಯ ತುಟಿ ಅಲ್ಲಾಡಿತು. 'ಜ ಜಾ ಜಿ ಜೀ...' ಸಾಲಿನುದ್ದಕ್ಕೂ ಮೆಲ್ಲಗೆ ನಡೆದಳು, ಕಣ್ಣು ಬೋರ್ಡಿನ ಮೇಲೇ. 'ಜೊ, ಜೋ' ಎಂದು ನಿಂತಳು. ಮುಂದಿನ ಅಕ್ಷರ ನೋಡಿದಳು.

"ಜೋಳ! ಅಪ್ಪಾ, ಜೋಳ!"

ಅವನು ಮೀಸೆಯಲ್ಲೇ ನಕ್ಕ. "ಅದೇನೋ ಖರೆ ಅಕ್ಕೋರ. ಮತ್ತ ಕೂಸನ್ನ ಯಾರು ನೋಡ್ಬೇಕ್ರಿ?"

"ಇಲ್ಲಿಗೇ ಎತ್ಕೊಂಡ್ ಬರ್ಲಿ. ಚಾಪೆ ಮಾತ್ರ ನಿಮ್ದು."

ರಜೆ ಮುಗಿದ ಬೆಳಿಗ್ಗೆ ಚಾಪೆ ಬಂತು, ಕೂಸೂ ಬಂತು. ಕಾಗುಣಿತ ಶುರುವಾದೊಡನೆ ಅದು ಎಲ್ಲರಿಗಿಂತ ಜೋರಾಗಿ ಅತ್ತಿತು.