ಹಳ್ಳದ ಆಚೆಯ ಹುಲ್ಲುಗಾವಲು

ಹಂಗೇರಿಗೆ ಮತ ಹಾಕಿದೆನೆಂದು ನಮ್ಮ ಹಳ್ಳಿ ಆಗ್‌ಫಾಲ್ವಾದಲ್ಲಿ ಬಾಯಿಬಿಟ್ಟು ಹೇಳಿಕೊಂಡ ಹೆಂಗಸು ಪಕ್ಕದ ಮನೆಯ ರೋಸೀನಾ ಒಬ್ಬಳೇ. ಮನೆಮಾತು ನಮ್ಮೆಲ್ಲರಂತೆ ಜರ್ಮನ್. ಆದರೆ ಅವಳ ಹಾಲು ಖರ್ಚಾಗುತ್ತಿದ್ದುದು ಹಂಗೇರಿಯ ಕಡೆಗಿದ್ದ ಶೋಪ್ರೋನ್ ಪಟ್ಟಣದಲ್ಲಿ.

ಮಹಾಯುದ್ಧದಲ್ಲಿ ಹಂಗೇರಿ ಸೋತ ಮೇಲೆ ದೊಡ್ಡ ದೇಶಗಳವರು ಎಲ್ಲೋ ಕೂತು ನಮ್ಮ ಸೀಮೆಯನ್ನು ಹಂಗೇರಿಯಿಂದ ಕಿತ್ತು ಆಸ್ಟ್ರಿಯಕ್ಕೆ ಬರೆದುಕೊಟ್ಟಿದ್ದರು. ಆಸ್ಟ್ರಿಯದ ಪೊಲೀಸರು ಊರನ್ನು ವಶಕ್ಕೆ ತೆಗೆದುಕೊಳ್ಳಲು ಬಂದಾಗ ಹಂಗೇರಿಯ ಪರ ದಂಗೆಯೆದ್ದವರು ಬಂದೂಕು ಹಿಡಿದು ಮೇಲೆ ಬಿದ್ದರು. ಅವರಲ್ಲಿ ಕೆಲವರು ರೋಸೀನಾಳ ಕೊಟ್ಟಿಗೆಯಲ್ಲಿ ಅಡಗಿ, ಕರೆದಿಟ್ಟ ಹಾಲನ್ನೆಲ್ಲ ಕುಡಿದು ಹೋದರು. ಪೊಲೀಸರು ಹಿಂದೆ ಸರಿದರು. ಕೊನೆಗೆ, ಶೋಪ್ರೋನ್ ಮತ್ತು ಸುತ್ತಲ ಕೆಲವು ಹಳ್ಳಿಗಳು ಯಾವ ದೇಶಕ್ಕೆ ಸೇರಬೇಕೆಂದು ಅಲ್ಲಿಯ ಜನರನ್ನೇ ಕೇಳೋಣ ಎಂದು ಡಿಸೆಂಬರಿನಲ್ಲಿ ಮತದಾನ ಇಟ್ಟರು.

ಅವಳ ಗಂಡ ಮಥಿಯಾಸ್ ರೇಗಿದ. "ನಿನ್ನಕ್ಕ ಇರೋದು ಹಳ್ಳದಾಚೆ ಶಾಟನ್‌ಡಾರ್ಫಲ್ಲಿ. ನಮ್ಮ ಹುಲ್ಲುಗಾವಲಿರೋದೂ ಅಲ್ಲೇ. ಅದು ಹೆಂಗೂ ಆಸ್ಟ್ರಿಯಕ್ಕೆ ಹೋಯ್ತು. ನಾವೂ ಅತ್ಲಾಗೆ ಹೋಗೋದು ಬಿಟ್ಟು ಇನ್ನೇನು ಬೇಕೇ ನಿಂಗೆ?"

"ನಿಮ್ಮ ಆಸ್ಟ್ರಿಯದೋರು ದಿನಾ ಬೆಳಿಗ್ಗೆ ಬಂದು ನನ್ನ ಹಾಲು ಕೊಳ್ತಾರೇನು?"

ಹಂಗೇರಿಗೆ ನೀಲಿ ಚೀಟಿ, ಆಸ್ಟ್ರಿಯಕ್ಕೆ ಕಿತ್ತಳೆ; ಬೇಡದ್ದನ್ನು ಹರಿದು ಹಾಕಬೇಕು. ಗಂಡ ನೀಲಿ ಹರಿದ, ಹೆಂಡತಿ ಕಿತ್ತಳೆ ಹರಿದಳು. ಊರಿನ ಹೆಚ್ಚಿನವರು ಮಥಿಯಾಸನ ಕಡೆಗೇ. ಆದರೆ ಹಳ್ಳಿಗಳ ಮತವನ್ನೂ ಪಟ್ಟಣದ ಮತವನ್ನೂ ಒಟ್ಟಿಗೆ ಎಣಿಸಿದ್ದರಿಂದ ಹಂಗೇರಿ ಗೆದ್ದಿತು. ಊರವರು ರೋಸೀನಾಳ ಜೊತೆ ಮಾತು ಬಿಟ್ಟರು.

ಬೇಸಿಗೆಯಲ್ಲಿ ಅವಳು ಕುಡುಗೋಲು ಹಿಡಿದು ಈಗ ಗಡಿಯಾಗಿದ್ದ ಹಳ್ಳದ ಬಳಿ ಹೋದರೆ ಕಾವಲಿನವನು ಅಡ್ಡ ನಿಂತ.

"ರಹದಾರಿ ಎಲ್ಲಮ್ಮ?"

"ನನ್ನ ಹುಲ್ಲು ಕೊಯ್ಯೋಕೆ ಯಾರಪ್ಪನ ರಹದಾರಿನೋ?"

"ನನ್ನ ಮೇಲೆ ಕೂಗಾಡಿ ಏನು ಬಂತು? ಪಟ್ಟಣಕ್ಕೆ ಹೋಗಿ ಕೇಳಿ."

ಕೇಳಿದಳು. ಈ ಕಚೇರಿಯವರು ಆ ಕಚೇರಿಗೆ ಕಳಿಸಿದರು, ಆ ಕಚೇರಿಯವರು ವಾಪಸು ಅಟ್ಟಿದರು. ಅಷ್ಟರಲ್ಲಿ ಅಕ್ಕ ಏವಾ ಆಚೆ ದಡದಲ್ಲಿ ಹುಲ್ಲು ಕೊಯ್ದು ಒಟ್ಟಿದ್ದಳು. ಗಾಡಿಯನ್ನು ದಾಟಿಸಲು ಬಿಡಲಿಲ್ಲ. ಮಳೆ ಬಂತು. ಬಣವೆ ಕಪ್ಪಾಗುವುದನ್ನು ಅಕ್ಕತಂಗಿಯರು ಎರಡು ದಡಗಳಲ್ಲಿ ನಿಂತು ನೋಡಿದರು.

"ಹೋಗು, ನಿನ್ನ ಪಟ್ಟಣದೋರನ್ನೇ ಮೇವು ಕೇಳು," ಎಂದ ಮಥಿಯಾಸ್. ಅವಳು ಪಾತ್ರೆ ಕುಕ್ಕಿದಳು. ಚಳಿಗಾಲಕ್ಕೆ ಮುಂಚೆ ಎರಡು ಹಸು ಮಾರಬೇಕಾಯಿತು.

ಡಿಸೆಂಬರಿನಲ್ಲಿ ಪಟ್ಟಣವೆಲ್ಲ ಬಾವುಟ. ಖಾಯಂ ಗಿರಾಕಿಯಾಗಿದ್ದ ವಕೀಲರ ಹೆಂಡತಿ ಬಾಗಿಲಲ್ಲೇ ನಕ್ಕು, "ನಾವು ಗೆದ್ದು ಆಗಲೇ ವರ್ಷ ಆಯ್ತು ನೋಡು ರೋಸೀನಾ! ಅದ್ಸರಿ, ಇವತ್ತೇನು ಹಾಲು ಇಷ್ಟೇ?" ಎಂದಳು.

"ಗೆದ್ದಿದ್ದನ್ನ ಹಸು ತಿನ್ನಲ್ಲ ಅಮ್ಮಾವ್ರೇ," ಎಂದು ರೋಸೀನಾ ಇದ್ದಷ್ಟನ್ನು ಅಳೆದು ಸುರಿದು, ಮುಂದಿನ ಮನೆಗೆ ಹೊರಟಳು.