ದೊಡ್ಡಮ್ಮ ಕೊಟ್ಟ ನೀರು

ಕಳೆದ ತಿಂಗಳು ಪುತ್ತೂರಿನ ಆಸ್ಪತ್ರೆಯಲ್ಲಿ ಮೊಮ್ಮಗಳ ಹೆರಿಗೆಯಾಯಿತು. ಮರುದಿನ ನನ್ನ ಮಗಳು ಮನೆಯಿಂದ ಫ್ಲಾಸ್ಕಿನಲ್ಲಿ ಬಾಣಂತಿ ಕಷಾಯ ತಂದು ಮುಚ್ಚಳ ತೆರೆದದ್ದೇ ತಡ, ಕಾಳುಮೆಣಸು, ಒಣಶುಂಠಿ, ಓಮದ ಘಾಟು ವಾರ್ಡನ್ನೆಲ್ಲ ತುಂಬಿತು. ಮೊಮ್ಮಗಳು ಮೂಗು ಮುಚ್ಚಿಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. ಆ ಘಾಟು ನನ್ನನ್ನು ಅರುವತ್ತು ವರ್ಷ ಹಿಂದಕ್ಕೆ, ಕಲ್ಲುಗುಂಡಿಯ ಒಂದು ಕತ್ತಲೆ ಕೋಣೆಗೆ ಒಯ್ದಿತ್ತು... ಆ ಕೋಣೆಯಲ್ಲಿ ನನ್ನ ದೊಡ್ಡಮ್ಮ ಇದ್ದಳು.

ನನ್ನನ್ನು ಸಾಕಿದವಳು ಅವಳು. ಅಮ್ಮನ ಅಕ್ಕ. ನಾನು ಹುಟ್ಟಿದ ಕೆಲವೇ ದಿನಗಳಲ್ಲಿ ಅಮ್ಮ ತೀರಿಹೋದಳು. ಬಾಣಂತಿ ಸನ್ನಿ, ಜ್ವರ ನೆತ್ತಿಗೇರಿತು ಎಂದು ಎಲ್ಲರೂ ಹೇಳುತ್ತಿದ್ದರು. ತಂಗಿಯ ಬಾಣಂತನಕ್ಕೆಂದು ಆಲಂಕಾರಿನ ಅಜ್ಜಿಮನೆಗೆ ಬಂದಿದ್ದ ದೊಡ್ಡಮ್ಮ, ಹಿಂತಿರುಗುವಾಗ ನನ್ನನ್ನು ಎತ್ತಿಕೊಂಡು ಕಲ್ಲುಗುಂಡಿಗೆ ಹೋದಳಂತೆ. ಅವಳಿಗೆ ಮಕ್ಕಳಿರಲಿಲ್ಲ. ಅಪ್ಪ ಬೇರೆ ಮದುವೆಯಾಗಿ ದೂರದಲ್ಲಿದ್ದರು.

ದೊಡ್ಡಪ್ಪನದ್ದು ಮಡಿಕೇರಿ ರಸ್ತೆಯ ಬದಿಯಲ್ಲಿ ಹೊಲಿಗೆ ಅಂಗಡಿ. ಅದರ ಹಿಂದೆಯೇ ಮನೆ. ದೊಡ್ಡಮ್ಮ ಗಿಡ್ಡ ಹೆಂಗಸು, ದೊಡ್ಡ ಸ್ವರ. ತಮಾಷೆ ಹೇಳುವ ಮೊದಲೇ ತಾನೇ ನಕ್ಕುಬಿಡುತ್ತಿದ್ದಳು. ಎಷ್ಟೋ ತಮಾಷೆಗಳ ಕೊನೆ ನಮಗೆ ತಿಳಿಯಲೇ ಇಲ್ಲ. ಕಣ್ಣು ಎಳೆಯುವಷ್ಟು ಬಿಗಿಯಾಗಿ ನನಗೆ ಜಡೆ ಹಾಕುತ್ತಿದ್ದಳು. ಸುಟ್ಟ ಹಲಸಿನ ಬೀಜವನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಶಾಲೆಯ ಬಾಗಿಲಿಗೆ ಬರುತ್ತಿದ್ದಳು. ನನಗೆ ಒಂದು ಕೊಟ್ಟರೆ ತಾನು ಎರಡು ತಿನ್ನುತ್ತಿದ್ದಳು.

ನಾನು ನಾಲ್ಕನೆಯ ಕ್ಲಾಸಿನಲ್ಲಿದ್ದೆ ಎಂದು ನೆನಪು. ಸುಳ್ಯದ ಸಂತೆಯಿಂದ ಬಸ್ಸಿನಲ್ಲಿ ಬರುತ್ತಿದ್ದೆವು. ಮುಂದಿನ ಸೀಟಿನಲ್ಲಿ ಸರಕಾರಿ ಆಸ್ಪತ್ರೆಯ ನರ್ಸಮ್ಮ ಒಬ್ಬರು ಬಸುರಿ ಹೆಂಗಸಿಗೆ ಏನೋ ಹೇಳುತ್ತಿದ್ದರು. ಹೆತ್ತ ಮೇಲೆ ನೀರು ಕೊಡಬಾರದು ಎನ್ನುವುದೆಲ್ಲ ಸುಮ್ಮನೆ, ಕುದಿಸಿ ಆರಿಸಿದ ನೀರನ್ನು ಬೇಕಾದಷ್ಟು ಕುಡಿಯಬಹುದು ಎನ್ನುತ್ತಿದ್ದರು. ಬಾಯ್ತುಂಬ ಮಾತಾಡುತ್ತಿದ್ದ ದೊಡ್ಡಮ್ಮ ತಟ್ಟನೆ ನಿಲ್ಲಿಸಿ, ಮುಂದಕ್ಕೆ ಬಾಗಿ ಕೇಳಿದಳು:

"ಜ್ವರ ಇದ್ರೆ?"

"ಜ್ವರ ಇದ್ರೆ ಇನ್ನೂ ಜಾಸ್ತಿ ಕೊಡ್ಬೇಕು ಮಾರಾಯ್ರೆ," ಎಂದರು ನರ್ಸಮ್ಮ.

ಕಲ್ಲುಗುಂಡಿ ಬಂತು; ದೊಡ್ಡಮ್ಮ ಏಳಲಿಲ್ಲ. ಕಂಡಕ್ಟರ್ ಕೂಗಿದ್ದೂ ಅವಳಿಗೆ ಕೇಳಲಿಲ್ಲ. ಸಂಪಾಜೆಯಲ್ಲಿ ಇಳಿದು ಅಷ್ಟೂ ದಾರಿ ನಡೆದು ಬಂದೆವು. ದಾರಿಯುದ್ದಕ್ಕೂ ನನ್ನ ಮಣಿಕಟ್ಟನ್ನು ಬಿಡದೆ ಹಿಡಿದಿದ್ದಳು. ನಾನೇನೋ ತಪ್ಪು ಮಾಡಿರಬೇಕೆಂದು ಹೆದರಿದ್ದೆ...

ಅಂದಿನಿಂದ ಅವಳಿಗೆ ನೀರು ಕುಡಿಸುವ ಹುಚ್ಚು ಹಿಡಿಯಿತು. ನನಗೆ ಸ್ವಲ್ಪ ಮೈ ಬಿಸಿಯಾದರೆ ಸಾಕು, ಲೋಟ ಹಿಡಿದು ಪಕ್ಕದಲ್ಲೇ ಕೂರುವಳು. ಸಾಕೆಂದರೂ ಬಿಡುತ್ತಿರಲಿಲ್ಲ. ದೊಡ್ಡಪ್ಪ ನಗುತ್ತಿದ್ದರು.

ನನ್ನ ಚೊಚ್ಚಲ ಹೆರಿಗೆ ಬಿರುಬೇಸಗೆಯಲ್ಲಿ ಆಯಿತು. ತವರೆಂದರೆ ನನಗೆ ಕಲ್ಲುಗುಂಡಿಯೇ. ಬಾಣಂತನ ನೋಡಿಕೊಳ್ಳಲು ಆಲಂಕಾರಿನಿಂದ ಅಜ್ಜಿ ಬಂದಳು. ಬೆನ್ನು ಬಾಗಿದ್ದರೂ ಅವಳ ಮಾತಿಗೆ ಎದುರು ಇರಲಿಲ್ಲ. ಕಿಟಕಿ ಮುಚ್ಚಿಸಿದಳು, ಮಂಚದ ಕೆಳಗೆ ಕೆಂಡ ಇರಿಸಿದಳು. ದಿನಕ್ಕೆ ಒಂದೆರಡು ಸಲ ಗುಟುಕು ಕಷಾಯ, ಒಣ ಅನ್ನಕ್ಕೆ ಕಾಳುಮೆಣಸಿನ ಹುಡಿ. ನೀರು ಮಾತ್ರ ಇಲ್ಲ. ನೀರು ಕುಡಿದರೆ ಬಾಣಂತಿಯ ಹೊಟ್ಟೆ ಊದುತ್ತದೆ, ಮಗುವಿಗೆ ಶೀತವಾಗುತ್ತದೆ ಎಂಬುದು ಅಜ್ಜಿಗೆ ಅವಳ ಅಜ್ಜಿಯಿಂದ ಬಂದ ಕಟ್ಟಳೆ.

ಹೆರಿಗೆಗೆ ಮೊದಲೇ ದೊಡ್ಡಮ್ಮ ಈ ವಿಷಯ ಎತ್ತಿದ್ದಳಂತೆ. ಬಸ್ಸಿನ ಮಾತು ಕೇಳಿಕೊಂಡು ಬಾಣಂತನ ಮಾಡುವುದಾ ಎಂದು ಅಜ್ಜಿ ಬಾಯಿ ಮುಚ್ಚಿಸಿದ್ದಳು. ದೊಡ್ಡಮ್ಮನಿಗೂ ಒಳಗೊಳಗೆ ಅಂಜಿಕೆ. ಒಂದು ವೇಳೆ ಅಜ್ಜಿ ಹೇಳುವುದೇ ನಿಜವಾದರೆ?

ಬಾಯಾರಿಕೆ ಎಂದರೆ ಏನೆಂದು ನನಗೆ ತಿಳಿದದ್ದು ಆಗ. ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಹೊರಗೆ ಯಾರೋ ಬಾವಿಗೆ ಕೊಡಪಾನ ಇಳಿಸುವ ಸದ್ದಿಗೆ ಅಳು ಬರುತ್ತಿತ್ತು. ಒಂದು ಮಧ್ಯಾಹ್ನ, ಸುಡುಸುಡು ನೀರಿನ ಸ್ನಾನ ಮುಗಿದಿತ್ತು. ದೊಡ್ಡಮ್ಮ ಬೈರಾಸಿನಲ್ಲಿ ನನ್ನ ತಲೆ ಒರಸುತ್ತಿದ್ದಳು. ಒದ್ದೆ ಬೈರಾಸಿನ ತುದಿ ತುಟಿಗೆ ತಾಗಿತು. ಕಚ್ಚಿ ಹಿಡಿದು ಚೀಪತೊಡಗಿದೆ.

ಅವಳು ಎಳೆದಳು. ನಾನು ಬಿಡಲಿಲ್ಲ. ಆಮೇಲೆ ಅವಳ ಕೈ ಅಲ್ಲೇ ನಿಂತಿತು. ಒಂದು ಗಳಿಗೆ ನನ್ನ ಮುಖವನ್ನೇ ನೋಡಿ ಎದ್ದು ಹೊರಗೆ ಹೋದಳು. ಅಜ್ಜಿಗೆ ಹೇಳಿಕೊಡಲು ಹೋದಳೆಂದೇ ಎಣಿಸಿದೆ. ಬರುವಾಗ ಅವಳ ಕೈಯಲ್ಲಿ ಚೆಂಬು ಇತ್ತು. ಬಾಗಿಲಲ್ಲಿ ಅಜ್ಜಿ ಅಡ್ಡ ನಿಂತಳು.

"ಎಂತ ಅದು?"

"ನೀರು."

"ನಿಂಗೆ ತಲೆ ಕೆಟ್ಟಿದಾ? ನಾನು ಇಷ್ಟು ಹೆತ್ತೆ. ಒಂದು ತೊಟ್ಟು ಕುಡಿದವಳಲ್ಲ."

"ನಿಂಗೆ ಬಾಯಾರ್ಲಿಲ್ವಾ ಅಮ್ಮ?"

ದೊಡ್ಡಮ್ಮನ ಸ್ವರ ಎಂದಿನ ಹಾಗೆ ದೊಡ್ಡದಿರಲಿಲ್ಲ.

"ಇವಳ ಅಮ್ಮನೂ ಹೀಗೇ ಬೈರಾಸು ಚೀಪಿದ್ಲು. ನಾನು ಅವಳ ಬಾಯಿಂದ ಎಳೆದು ತೆಗ್ದೆ. ನೀನು ಹೇಳಿದ್ದಿ ಅಂತ ತೆಗ್ದೆ."

"ಅವಳು ಸನ್ನಿ ಬಂದು ಹೋದದ್ದು."

"ಇರ್ಬಹುದು. ಅದು ನಂಗೆ ಗೊತ್ತಿಲ್ಲ. ಆದ್ರೆ ಬಾಯಾರಿಕೊಂಡು ಹೋದ್ಲು. ಅದು ನನ್ನ ಕೈಯಲ್ಲಿ ಆದದ್ದು."

ಈ ಸಂಗತಿ ನಾನು ಕೇಳಿದ್ದು ಅದೇ ಮೊದಲು. ಅಜ್ಜಿ ಬಾಗಿಲಿನ ದಾರಂದ ಹಿಡಿದುಕೊಂಡಳು. ಕೊನೆಗೆ ಯಾರನ್ನೂ ನೋಡದೆ, "ಬಾಯಾರ್ತಿತ್ತು. ಹೇಳ್ಲಿಕ್ಕೆ ಯಾರಿದ್ರು?" ಎಂದು ಬದಿಗೆ ಸರಿದಳು.

ದೊಡ್ಡಮ್ಮ ನನ್ನ ತಲೆಗೆ ಕೈಯಾಸರೆ ಕೊಟ್ಟು ಎತ್ತಿ ಚೆಂಬನ್ನು ಬಾಯಿಗೆ ಹಿಡಿದಳು. ಕುದಿಸಿ ಆರಿಸಿದ ನೀರು, ಸ್ವಲ್ಪ ಹೊಗೆಯ ವಾಸನೆ. ಗಂಟಲಲ್ಲಿ ಇಳಿಯುವಾಗ ನೋವಾಯಿತು. ಅಷ್ಟನ್ನೂ ಕುಡಿದೆ.

ಅಜ್ಜಿ ಇದ್ದಷ್ಟು ದಿನವೂ ಬೆಳಿಗ್ಗೆ ಬಂದು ನನ್ನ ಹೊಟ್ಟೆ ಒತ್ತಿ ನೋಡುತ್ತಿದ್ದಳು, ಮಗುವಿನ ಎದೆಗೆ ಕಿವಿಯಿಟ್ಟು ಕೇಳುತ್ತಿದ್ದಳು. ಏನೂ ಆಗಲಿಲ್ಲ. ಹೊರಡುವ ದಿನ, ಹೆಚ್ಚು ಕುಡಿಯಬೇಡ ಎಂದು ಮಾತ್ರ ಹೇಳಿ ಹೋದಳು.

ಆಮೇಲೆ ಕೆಲವು ದಿನ ನನಗೆ ದೊಡ್ಡಮ್ಮನ ಮುಖ ನೋಡಲು ಆಗುತ್ತಿರಲಿಲ್ಲ. ಅಮ್ಮನಿಗೆ ನೀರು ಕೊಡದ ಕೈ, ನನಗೆ ಅನ್ನ ಕಲಸಿ ಕೊಟ್ಟ ಕೈ... ಎರಡೂ ಒಂದೇ ಎಂದು ಒಪ್ಪಿಕೊಳ್ಳುವುದು ಕಷ್ಟವಾಗಿತ್ತು. ಒಂದು ದಿನ ಮಗುವಿಗೆ ಎಣ್ಣೆ ಹಚ್ಚುತ್ತಾ ಅವಳೇ ಹೇಳಿದಳು: "ಅವಳು ನಂಗೆ ಬೈಲಿಲ್ಲ ಮಗಾ. ಅಕ್ಕಾ ಅಕ್ಕಾ ಅಂತ ಕೇಳ್ತಿದ್ಲು. ಅವಳ ಒಳ್ಳೇದಕ್ಕೇ ಅಂತ ನಾನು ಕೊಡ್ಲಿಲ್ಲ."

ನಾನು ಬಾಚಣಿಗೆ ತಂದು ಅವಳ ಕೈಗೆ ಕೊಟ್ಟು, ಬೆನ್ನು ತಿರುಗಿಸಿ ಕೂತೆ. ಅವಳು ಜಡೆ ಹಾಕಿದಳು. ಅಷ್ಟು ಸಡಿಲವಾಗಿ ಅವಳು ಎಂದೂ ಹಾಕಿದ್ದಿಲ್ಲ.

ಆಮೇಲೆ ಆ ರಸ್ತೆಯಲ್ಲಿ ಯಾರ ಮನೆಯಲ್ಲಿ ಹೆರಿಗೆಯಾದರೂ ದೊಡ್ಡಮ್ಮ ಅಲ್ಲಿರುತ್ತಿದ್ದಳು. ಕೆಲವರು ಕೇಳಿದರು, ಕೆಲವರು ಬೈದರು. ಒಂದು ಮನೆಯ ಅತ್ತೆ, ನಿನ್ನ ತಂಗಿಯನ್ನೇ ಉಳಿಸಿಕೊಳ್ಳದವಳು ನಮಗೆ ಬುದ್ಧಿ ಹೇಳುತ್ತೀಯಾ ಎಂದು ಮುಖಕ್ಕೆ ಹೊಡೆದ ಹಾಗೆ ಕೇಳಿದಳಂತೆ. ಹೌದು, ಅದಕ್ಕೇ ಬಂದದ್ದು ಎಂದು ದೊಡ್ಡಮ್ಮ ಅವರ ಜಗಲಿಯಲ್ಲೇ ಕೂತಳು. ಸಂಜೆಯ ಹೊತ್ತಿಗೆ ಆ ಬಾಣಂತಿಗೆ ಒಂದು ಗಿಂಡಿ ಗಂಜಿತಿಳಿ ಒಳಗೆ ಹೋಯಿತು.

ದೊಡ್ಡಮ್ಮ ಹೋಗಿ ಬಹಳ ವರ್ಷಗಳಾದವು. ಆಸ್ಪತ್ರೆಯಲ್ಲಿ ಮೊಮ್ಮಗಳಿಗೆ ಇದನ್ನೆಲ್ಲ ಹೇಳಿದೆ. ಅವರೆಲ್ಲ ಎಂಥ ಕ್ರೂರಿಗಳು ಅಜ್ಜೀ, ಎಂದಳು. ಅವರು ಕ್ರೂರಿಗಳಾಗಿದ್ದರೆ ನನಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ, ಪ್ರೀತಿಯಿಂದಲೇ ಮಾಡಿದರಲ್ಲ ಎಂದೆ. ಅವಳಿಗೆ ಅರ್ಥವಾಯಿತೋ ಇಲ್ಲವೋ...

ಅಷ್ಟರಲ್ಲಿ ಮಗುವನ್ನು ನೋಡಲು ನೆಂಟರು ಬಂದರು. ಮೂಗು ಅಪ್ಪನದ್ದು, ಹಣೆ ತಮ್ಮ ಕಡೆಯದ್ದು ಎಂದು ಹಂಚಿಕೊಂಡರು. ಕೆಳತುಟಿಯ ನಡುವೆ ಒಂದು ಸಣ್ಣ ಗುಳಿ ಇತ್ತು. ಅದು ಯಾರದ್ದೆಂದು ಯಾರಿಗೂ ತಿಳಿಯಲಿಲ್ಲ. ನನ್ನ ಅಮ್ಮನ ಒಂದು ಪಟವೂ ಇಲ್ಲ. ಅವಳ ತುಟಿ ಹೇಗಿತ್ತೆಂದು ದೊಡ್ಡಮ್ಮನಿಗೆ ಗೊತ್ತಿತ್ತು. ನಾನು ಅದನ್ನು ಕೇಳಲೇ ಇಲ್ಲ.