ನನ್ನ ದೊಡ್ಡ ಬ್ಯಾನಿ

ಹೊಸಪೇಟೆಯ ನಮ್ಮ ಮನೆಗೆ ರೊಟ್ಟಿ ಬಡಿಯಲು ಚಿತ್ತವಾಡ್ಗಿಯಿಂದ ಒಬ್ಬಾಕೆ ಬರುತ್ತಿದ್ದಳು. ನನಗಿಂತ ಹತ್ತು ವರ್ಷವಾದರೂ ದೊಡ್ಡವಳು. ಆದರೂ ನಾನು ಶಾಲೆಯಲ್ಲಿ ಪಾಠ ಹೇಳುವವಳೆಂದು ನನ್ನನ್ನೇ ‘ಅಕ್ಕೋರ’ ಎನ್ನುತ್ತಿದ್ದಳು. ಅಡುಗೆಮನೆಯ ಮೂಲೆಯಲ್ಲಿ ನೆಲದ ಮೇಲೆ ಒಂದು ಒಲೆ ಇಟ್ಟಿದ್ದೆ. ಒಂದು ಮೊಣಕಾಲು ಮಡಚಿ, ಇನ್ನೊಂದನ್ನು ಎತ್ತಿ ಕೂತು, ದಿನಾ ಮೂವತ್ತು ಜೋಳದ ರೊಟ್ಟಿ ಬಡಿಯುತ್ತಿದ್ದಳು.

ಒಂದು ದಿನ ಏಳುವಾಗ ಗೋಡೆ ಹಿಡಿದು ನಿಂತು ಕೇಳಿದಳು: “ಅಕ್ಕೋರ, ಕೀಲುನೋವು ಭಾಳ ಆಗೇತ್ರಿ. ನಿಂತು ಕಟ್ಟಿ ಮ್ಯಾಲ ಬಡೀಲೇನ್ರಿ?”

ಅಡುಗೆ ಕಟ್ಟೆಗೆ ಆಗಷ್ಟೇ ಕಪ್ಪು ಗ್ರಾನೈಟ್ ಹಾಕಿಸಿದ್ದೆ. “ಬ್ಯಾಡ, ಕಟ್ಟಿ ತುಂಬ ಹಿಟ್ಟಾಗತೈತಿ,” ಎಂದೆ. ಅಷ್ಟಕ್ಕೇ ಬಿಡಲಿಲ್ಲ. ಪಾಠ ಹೇಳುವ ಬಾಯಿ ನೋಡಿ, “ಈ ವಯಸ್ಸಿಗೆ ಕೀಲುನೋವು ಯಾರಿಗಿಲ್ಲ?” ಎಂದೂ ಸೇರಿಸಿದೆ. ಮರುದಿನವೂ ಅವಳು ನೆಲದಲ್ಲೇ ಕೂತು ಬಡಿದಳು.

ಮುಂದಿನ ಮಳೆಗಾಲದಲ್ಲಿ ನನ್ನ ಮೊಣಕಾಲುಗಳೇ ಹಿಡಿದುಕೊಂಡವು. ಡಾಕ್ಟರು ಚೀಟಿಯಲ್ಲಿ ‘ಆರ್ಥ್ರಾಲ್ಜಿಯಾ’ ಎಂದು ಬರೆದರು. ಅದೇನೆಂದು ನಾನು ಕೇಳಲಿಲ್ಲ. ಓದಿದವಳು, ಹೆಂಗೆ ಕೇಳುವುದು? ಶಾಲೆಯಲ್ಲಿ ಎಲ್ಲರಿಗೂ ಹೇಳಿದೆ, ಕಂಪ್ಲಿಯ ತಂಗಿಗೆ ಫೋನ್ ಮಾಡಿ ಹೇಳಿದೆ. ಆ ಹೆಸರಿಗೆ ಎಲ್ಲರೂ ಹೆದರಿದರು. ನನ್ನ ತರಗತಿಯನ್ನು ಮಹಡಿಯಿಂದ ಕೆಳಗೆ ತಂದರು, ಹೋದಲ್ಲೆಲ್ಲ ಕುರ್ಚಿ ಸಿಕ್ಕಿತು. ಸುಳ್ಳೇಕೆ, ನನಗೆ ಹೆಮ್ಮೆಯೇ ಆಗಿತ್ತು.

ರೊಟ್ಟಿಯವಳಿಗೂ ಹೇಳಿದೆ. ಎದೆ ಒಡೆದುಕೊಂಡಳು ಪಾಪ. ಮರುದಿನದಿಂದ ರೊಟ್ಟಿ ಮುಗಿಸಿ, ಔಡಲೆಣ್ಣೆ ಬೆಚ್ಚಗೆ ಮಾಡಿ, ನನ್ನ ಕುರ್ಚಿಯ ಮುಂದೆ ನೆಲದಲ್ಲಿ ಕೂತು ಮೊಣಕಾಲು ತಿಕ್ಕತೊಡಗಿದಳು. ನಾನು ಹಾಯಾಗಿ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

ಎರಡನೇ ಸಲ ಹೋದಾಗ ಧೈರ್ಯ ಮಾಡಿ, ಇದು ಎಷ್ಟು ದೊಡ್ಡ ರೋಗ ಎಂದು ಡಾಕ್ಟರನ್ನು ಕೇಳಿದೆ.

“ಅದು ರೋಗದ ಹೆಸರೇ ಅಲ್ಲರಿ,” ಎಂದು ಅವರು ನಕ್ಕರು. “ಆರ್ಥ್ರಾಲ್ಜಿಯಾ ಅಂದ್ರ ಕೀಲುನೋವು, ಅಷ್ಟ. ಕೀಲಿನಾಗ ಉರಿಯೂತ ಇದ್ರ ಆರ್ಥ್ರೈಟಿಸ್ ಅಂತೀವಿ. ನಿಮಗ ಅದಿಲ್ಲ. ನೀವು ನೋವು ಅಂದ್ರಿ, ನಾನು ನೋವು ಅಂತ ಬರದೀನಿ.”

ಆಟೋದಲ್ಲಿ ಮನೆ ಮುಟ್ಟುವಷ್ಟರಲ್ಲಿ ನನ್ನ ಮೇಲೆ ನನಗೇ ಹೇಸಿಗೆಯಾಗಿತ್ತು. ಗೋಡೆ ಹಿಡಿದು ಅವಳು ಹೇಳಿದ ಮಾತನ್ನೇ ಡಾಕ್ಟರು ಚೀಟಿಯಲ್ಲಿ ಬರೆದಿದ್ದರು. ಅದೇ ನೋವಿಗೆ ನನಗೆ ಕುರ್ಚಿ ಸಿಕ್ಕಿತ್ತು, ಅವಳನ್ನು ನಾನು ನೆಲದಿಂದ ಏಳಗೊಟ್ಟಿರಲಿಲ್ಲ.

ಅವಳು ಎಣ್ಣೆ ಬಟ್ಟಲು ಹಿಡಿದು ಕಾಯುತ್ತಿದ್ದಳು. “ನಾಳೆಯಿಂದ ಕಟ್ಟಿ ಮ್ಯಾಲೇ ಬಡಿ,” ಎಂದೆ. ಡಾಕ್ಟರು ಹೇಳಿದ್ದನ್ನು ಮಾತ್ರ ಹೇಳಲಿಲ್ಲ.

“ಇರ್ಲಿ ಬಿಡ್ರಿ ಅಕ್ಕೋರ, ನಂದು ಬರೇ ಕೀಲುನೋವು,” ಎನ್ನುತ್ತ ಗೋಡೆ ಹಿಡಿದು ಮೆಲ್ಲಗೆ ಕೆಳಗೆ ಕೂತಳು. “ಮೊದ್ಲು ನಿಮ್ಮ ದೊಡ್ಡ ಬ್ಯಾನಿ ವಾಸಿಯಾಗ್ಲಿ. ಕಾಲು ಚಾಚ್ರಿ.”

ನಾನು ಚಾಚಿದೆ.